ಕೋಳಿಗೆ ನಾಲ್ಕು ಕಾಲು

ನನ್ನ ಅಂಗಡಿಯ ಮುಂದೆ ಒಂದು ಬಿದಿರಿನ ಗಳ ನೆಟ್ಟಿದೆ. ಹೊಸದಾಗಿ ಬಂದವರು ಅದನ್ನು ಯಾವುದೋ ಪಕ್ಷದ ಬಾವುಟದ ಕಂಬ ಎಂದುಕೊಳ್ಳುತ್ತಾರೆ. ಅದಕ್ಕೆ ನಾನು ನೇತುಹಾಕುವುದು ರವಿಕೆ ಬಟ್ಟೆಯ ತುಂಡು. ಗುಡ್ಡದ ಕಡೆಯೋ ಹಳ್ಳದ ಕಡೆಯೋ ಯಾರಿಗಾದರೂ ಎರವಿನ ಚಿಟ್ಟೆ, ಎಂದರೆ ತನ್ನದಲ್ಲದ ಬಣ್ಣ ಹೊತ್ತದ್ದು, ಕಂಡರೆ ಅವರು ಮೊದಲು ಓಡಿಬರುವುದು ನನ್ನ ಮ್ಯಾಚಿಂಗ್ ಸೆಂಟರಿಗೆ. ಎಂಥ ಬಣ್ಣ ಎಂದು ಕೇಳಿದರೆ ಒಬ್ಬರೂ ನೆಟ್ಟಗೆ ಹೇಳುವುದಿಲ್ಲ. 'ಬದನೀಕಾಯಿ ಇದ್ದಂಗ, ಆದರ ಬದನೀಕಾಯಿ ಅಲ್ಲ' ಎನ್ನುತ್ತಾರೆ. ನಾನು ಕಪಾಟಿನಿಂದ ಒಂದೊಂದೇ ತುಂಡು ಎಳೆದು ಮೇಜಿನ ಮೇಲೆ ಹಾಸುತ್ತಾ ಹೋಗುತ್ತೇನೆ. ಯಾವುದೋ ಒಂದನ್ನು ಕಂಡು ಅವರು 'ಇದ, ಇದ!' ಎಂದು ಕೂಗಿದ ಕೂಡಲೇ ಆ ತುಂಡು ಗಳ ಏರುತ್ತದೆ. ಊರವರು ಬಂದು ನೋಡುತ್ತಾರೆ, ಮನೆಗೆ ಹೋಗಿ ಆ ಬಣ್ಣದ್ದು ತಮ್ಮಲ್ಲಿ ಏನೇನಿದೆ ಎಂದು ಹುಡುಕುತ್ತಾರೆ. ಚಿಟ್ಟೆಯ ರೆಕ್ಕೆಯಲ್ಲಿ ಇರಬಾರದ ಬಣ್ಣ ಕಂಡಿತು ಎಂದರೆ ಊರಲ್ಲಿ ಯಾವುದೋ ವಸ್ತುವಿನಿಂದ ಆ ಬಣ್ಣ ಹೋಗುತ್ತಿದೆ ಎಂದೇ ಅರ್ಥ.

ಬಹಳ ಏನೂ ಹೋಗುವುದಿಲ್ಲ. ಹೋಗುವುದು ಒಂದು ರೆಕ್ಕೆಯಲ್ಲಿ ಹಿಡಿಸುವಷ್ಟೇ. ಆದರೆ ಎಲ್ಲಿಂದ ಹೋಗಬಾರದೋ ಸರಿಯಾಗಿ ಅಲ್ಲಿಂದಲೇ ಹೋಗುತ್ತದೆ. ಒಬ್ಬಳ ಮದುವೆ ಸೀರೆಯ ಸೆರಗಿನಲ್ಲಿದ್ದ ನವಿಲಿನ ಕುತ್ತಿಗೆ ಹೋಯಿತು. ಅಂಚೆ ಪೇದೆಯ ಮೀಸೆ ಒಂದೇ ಕಡೆ ಬೆಳ್ಳಗಾಯಿತು. ನಮ್ಮ ಎದುರಂಗಡಿಯ ಟೇಲರ್ ಇಮಾಮಸಾಬನ ಹುಂಜದ ಜುಟ್ಟು ಸುಣ್ಣದಂತಾಗಿ, ಹೇಂಟೆಗಳು ಅದನ್ನು ಮೂಸಿಯೂ ನೋಡದಂತಾದವು. ಹೋದ ಬಣ್ಣ ಮರಳಿ ಬರಬೇಕೆಂದರೆ ಆ ಚಿಟ್ಟೆ ತಾನಾಗಿಯೇ ಬಂದು ಆ ವಸ್ತುವಿನ ಮೇಲೆ ಕೂರಬೇಕು. ಅದು ಎಲ್ಲಿ ಕೂರುತ್ತದೋ ಬಣ್ಣ ಅಲ್ಲಿ ಇಳಿಯುತ್ತದೆ. ಹಿಡಿಯುವಂತಿಲ್ಲ, ಹಿಡಿದರೆ ಪುಡಿಯಾಗಿ ಬೆರಳಿಗೆ ಅಂಟಿ ಯಾರಿಗೂ ಇಲ್ಲದಂತಾಗುತ್ತದೆ. ಅದಕ್ಕೇ ಜನ ತಮ್ಮ ವಸ್ತುಗಳನ್ನು ಹೊತ್ತುಕೊಂಡು ಹಳ್ಳದ ದಂಡೆಗೆ ಹೋಗುತ್ತಾರೆ. ಅಲ್ಲಿ ಹಸಿ ಮಣ್ಣಿನ ಉಪ್ಪು ಹೀರಲು ಬಿಸಿಲೇರುವ ಹೊತ್ತಿಗೆ ಚಿಟ್ಟೆಗಳು ಗುಂಪುಗುಂಪಾಗಿ ಇಳಿಯುತ್ತವೆ. ಸೀರೆ ಹಾಸಿಕೊಂಡು ಕೂತವರು, ಬಾಗಿಲು ಕಳಚಿ ತಂದವರು, ಮಡಿಲಲ್ಲಿ ಹುಂಜ ಇಟ್ಟುಕೊಂಡವರು ಸಾಲಾಗಿ ಕೂತಿರುವುದು ನಮಗೆ ವಿಶೇಷವೇನಲ್ಲ. ಕೆಲವರಿಗೆ ಬಣ್ಣ ಸಿಗುತ್ತದೆ. ಬಹಳ ಜನರಿಗೆ ಸಿಗುವುದಿಲ್ಲ. ಚಿಟ್ಟೆಯ ಆಯುಷ್ಯವಾದರೂ ಎಷ್ಟು!

ಇಂಥ ಊರಿನಲ್ಲಿ ಫೋಟೋವನ್ನು ನಂಬುವವರು ಕಡಿಮೆ. ತೀರಿಹೋದವರ ನೆನಪನ್ನು ನಮ್ಮಲ್ಲಿ ಹಚ್ಚೆಯಾಗಿ ಹಾಕಿಸಿಕೊಳ್ಳುತ್ತಾರೆ. ಹಚ್ಚೆಯ ಬಣ್ಣವನ್ನು ಯಾವ ಚಿಟ್ಟೆಯೂ ಒಯ್ದದ್ದಿಲ್ಲ. ಚರ್ಮದ ಒಳಗಿರುವುದನ್ನು ಅದು ಮುಟ್ಟುವುದಿಲ್ಲ ಎಂದು ಹಚ್ಚೆ ಹಾಕುವ ತಾಯವ್ವ ಹೇಳುತ್ತಿದ್ದಳು, ನಾವು ನಂಬಿದ್ದೆವು. ಊರಲ್ಲಿ ಯಾವ ಹೆಂಗಸಿನ ಮುಂಗೈ ನೋಡಿದರೂ ಒಬ್ಬ ಅಪ್ಪನ ಹೆಸರು, ಒಬ್ಬ ಅಣ್ಣನ ಹೆಸರು, ಒಂದು ಕೊಳಲು, ಒಂದು ಎತ್ತು ಇರುತ್ತದೆ. ನನ್ನ ಹೆಂಡತಿ ದಾನವ್ವನ ಬಲಗೈಯ ಮೇಲೆ ಇರುವುದು ನಾಲ್ಕು ಕಾಲಿನ ಕೋಳಿ.

ಅದು ಮುಕ್ತಾ ಬರೆದ ಕೋಳಿ. ಮುಕ್ತಾ ನಮ್ಮ ಒಬ್ಬಳೇ ಮಗಳು, ಶಾಲೆಗೆ ಹೆಸರು ಹಚ್ಚುವ ಮುಂಚೆಯೇ ಜ್ವರ ಬಂದು ತೀರಿಕೊಂಡಳು. ಅವಳದ್ದೊಂದು ಫೋಟೋ ಇತ್ತು. ಮರುವರ್ಷವೇ ಫೋಟೋದಲ್ಲಿನ ಅವಳ ಮುಖದ ಬಣ್ಣವನ್ನು ಒಂದು ಹಳದಿ ಚಿಟ್ಟೆ ತೆಗೆದುಕೊಂಡಿತು. ನಾವಿಬ್ಬರೂ ಫೋಟೋ ಹಿಡಿದು ದಂಡೆಯಲ್ಲಿ ಕೂತೆವು. ಹಳದಿ ರೆಕ್ಕೆಯಲ್ಲಿ ಗೋಧಿ ಬಣ್ಣದ ಮಚ್ಚೆ ಹೊತ್ತು ಆ ಚಿಟ್ಟೆ ಹತ್ತಿರ ಹತ್ತಿರ ಬಂತು. ಇನ್ನೇನು ಕೂರಬೇಕು, ತಂತಿಯ ಮೇಲೆ ಕಾದಿದ್ದ ಒಂದು ಕಾಜಾಣ ಹಕ್ಕಿ ಸರ್ರನೆ ಬಂದು ಅದನ್ನು ಎತ್ತಿಕೊಂಡು ಹೋಯಿತು. ಫೋಟೋದಲ್ಲಿ ಫ್ರಾಕಿದೆ, ರಿಬ್ಬನ್ನಿದೆ, ಮುಖವಿದ್ದ ಜಾಗದಲ್ಲಿ ಬಿಳಿ. ಅದನ್ನು ಟ್ರಂಕಿನಲ್ಲಿಟ್ಟ ದಾನವ್ವ ಆವತ್ತೇ ತಾಯವ್ವನನ್ನು ಮನೆಗೆ ಕರೆತಂದಳು. ಅಡುಗೆಮನೆಯ ಗೋಡೆಯ ಮೇಲೆ ಮುಕ್ತಾ ಇದ್ದಿಲಿನಿಂದ ಬರೆದಿದ್ದ ಕೋಳಿಯನ್ನು ತೋರಿಸಿ, ಅದನ್ನೇ ಹಾಕು ಎಂದಳು.

ತಾಯವ್ವ ಗೋಡೆಯನ್ನು ಬಹಳ ಹೊತ್ತು ನೋಡಿದಳು. "ಕೋಳಿಗೆ ನಾಕು ಕಾಲು ಎಲ್ಲಿ ಇರ್ತಾವ ಯವ್ವಾ? ಸಣ್ಣ ಹುಡುಗಿ, ತಿಳೀದ ಬರದೈತಿ. ಎರಡು ಬಿಟ್ಟು ಹಾಕ್ಲೇನು?"

"ಗೋಡೀ ಮ್ಯಾಲ ಹೆಂಗೈತಿ ಹಂಗ ಹಾಕು. ಒಂದು ಗೆರಿ ಕಡಿಮಿ ಆದ್ರೂ ಎದ್ದು ಹೋಗ್ತೀನಿ."

ಮುಂದಿನದ್ದು ನನಗೆ ಗೊತ್ತಿಲ್ಲ. ಸೂಜಿ ಕಂಡೊಡನೆ ನಾನು ಹೊಸ್ತಿಲ ಮೇಲೆಯೇ ತಲೆ ತಿರುಗಿ ಬಿದ್ದಿದ್ದೆ. ಮುಖಕ್ಕೆ ನೀರು ಹೊಡೆದು ಎಬ್ಬಿಸುವ ಹೊತ್ತಿಗೆ ಕೋಳಿ ಮುಗಿದಿತ್ತು. ಎರಡು ಉದ್ದ ಕಾಲು, ಅವುಗಳ ನಡುವೆ ಎರಡು ಗಿಡ್ಡ ಕಾಲು. ಇದ್ದಿಲು ಸವೆದು ಗಿಡ್ಡವಾಗಿರಬೇಕು ಎಂದುಕೊಂಡೆ. ನನ್ನ ಈ ಬೀಳುವಿಕೆಯ ಕಥೆ ಊರಿಗೆಲ್ಲ ಗೊತ್ತು. ನಾನೂ ಮಗಳ ನೆನಪಿಗೆ ಒಂದು ಚುಕ್ಕೆಯಾದರೂ ಹಾಕಿಸಿಕೊಳ್ಳಬೇಕು ಎಂದು ಯಾರಾದರೂ ಅಂದರೆ ಇಮಾಮಸಾಬ, "ಚುಕ್ಕಿ ಹಾಕಾಕ ಸೂಜಿ ಬೇಕಲ್ಲ ಮಾರಾಯ, ಆಮ್ಯಾಲ ಇವನನ್ನ ಹೊರಾಕ ಮಂದಿ ಬೇಕು" ಎನ್ನುತ್ತಾನೆ. ಆ ಗೋಡೆ ಒಂದು ದೊಡ್ಡ ಮಳೆಗೆ ಕುಸಿಯಿತು. ಆಮೇಲೆ ಮುಕ್ತಾಳದ್ದು ಎಂದು ಜಗತ್ತಿನಲ್ಲಿ ಉಳಿದದ್ದು ದಾನವ್ವನ ಕೈಯ ಕೋಳಿ ಒಂದೇ.

ನನ್ನದು ಹುಟ್ಟಾ ಪುಕ್ಕಲು ಜೀವ. ಬಾಗಿಲು ಬಡಿದರೆ ಎದೆ ಬಡಿದುಕೊಳ್ಳುತ್ತದೆ. ಚಿಂತೆ ಹತ್ತಿದರೆ ಚಳಿಗಾಲದಲ್ಲೂ ಬೆವರು. ಹೆಗಲ ಮೇಲೆ ಸದಾ ಒಂದು ಟವೆಲ್ ಇರಬೇಕು, ಇಲ್ಲದಿದ್ದರೆ ಕತ್ತರಿಸಿಕೊಟ್ಟ ಬಟ್ಟೆಯ ಮೇಲೆ ನನ್ನ ಅಂಗೈ ಗುರುತು ಬೀಳುತ್ತದೆ. ಹೆಂಗಸರು ಅದನ್ನು ನಗುತ್ತಾ ಸಹಿಸಿಕೊಂಡಿದ್ದಾರೆ.

ಆವತ್ತು ಬೆಳಿಗ್ಗೆ ಹುಲ್ಲು ಮಾರುವ ರೇಣವ್ವ ತಲೆಯ ಹೊರೆಯನ್ನೂ ಇಳಿಸದೆ ಅಂಗಡಿಗೆ ಬಂದಳು. "ಮಲ್ಲಣ್ಣ, ಎರವಿನ ಪಾತರಗಿತ್ತಿ ಕಂಡೆ. ಬಿಳೀದು. ಹಿಂದಿನ ರೆಕ್ಕಿ ಮ್ಯಾಲ ಎರಡು ಗೀರು."

ನಮ್ಮ ಊರಿನ ಬಿಳಿ ಚಿಟ್ಟೆಗೆ ಮುಂದಿನ ರೆಕ್ಕೆಯ ತುದಿಯಲ್ಲಿ ಮಾತ್ರ ಕಾಡಿಗೆ ಹಚ್ಚಿದಷ್ಟು ಕಪ್ಪು. ಹಿಂದಿನ ರೆಕ್ಕೆ ಶುದ್ಧ ಬಿಳಿ. ಇದು ಇಲ್ಲಿನ ಸಣ್ಣ ಮಕ್ಕಳಿಗೂ ಗೊತ್ತು. ನಾನು ಮೇಜು ಒರೆಸಿ ಬಣ್ಣ ಯಾವುದು ಎಂದೆ.

"ಹಸರು ಅನ್ನಬೇಕಂದ್ರ ಹಸರಲ್ಲ. ನೀಲಿ ಅನ್ನಬೇಕಂದ್ರ ನೀಲಿ ಅಲ್ಲ. ಬೂದಿ ಒಳಗ ಕಲಸಿದಂಗೈತಿ."

ಬಾಟಲ್ ಗ್ರೀನ್ ಹಾಸಿದೆ. ಅಲ್ಲ ಎಂದಳು. ರಾಮಾ ಗ್ರೀನ್, ಗಿಳಿ ಹಸಿರು, ಮೆಹಂದಿ, ನವಿಲು, ಪಾಚಿ, ಸಮುದ್ರ. ಅಲ್ಲ, ಅಲ್ಲ. ಬೂದು ಬಣ್ಣದ ಕಟ್ಟನ್ನೇ ಬಿಚ್ಚಿದೆ. ಅಷ್ಟರಲ್ಲಿ ಇಮಾಮಸಾಬ ಕತ್ತರಿ ಹಿಡಿದುಕೊಂಡೇ ರಸ್ತೆ ದಾಟಿ ಬಂದು ನಿಂತಿದ್ದ. "ಏನ್ ರೇಣವ್ವ, ಸೀರಿ ಆರಿಸಾಕ ಬಂದಂಗ ಆರಸಾಕತ್ತಿ?" ಎಂದ.

ರೇಣವ್ವ ನಗಲಿಲ್ಲ. ಒಂದು ತುಂಡಿನ ಮೇಲೆ ಇನ್ನೊಂದು ತೆಳು ತುಂಡು ಹೊದಿಸಿ ನೋಡಿದಳು. "ಹೆಂಗ ಹೇಳ್ಲಿ? ಮ್ಯಾಲ ಹಚ್ಚಿದ್ದಲ್ಲ ಅಣ್ಣ ಅದು. ಒಳಗಿಂದ ಕಂಡಂಗ ಐತಿ" ಎಂದಳು.

ಮೇಜಿನ ಮೇಲೆ ಊರಿನ ಹಸಿರೆಲ್ಲ ಬಿದ್ದಿತ್ತು. ನನ್ನ ಅಂಗೈ ಬೆವರತೊಡಗಿತು. ನಾನೇ ನೋಡಿ ಬರುತ್ತೇನೆ ಎಂದು ಅಂಗಡಿಯನ್ನು ಇಮಾಮಸಾಬನಿಗೆ ಒಪ್ಪಿಸಿ ಹೊರಟೆ.

ಹಳ್ಳದ ಮೇಲಿನ ದಿಬ್ಬದಲ್ಲಿ ಲಂಟಾನದ ಪೊದೆಗಳಿವೆ. ಅಲ್ಲಿ ಬಿಳಿಯವು, ಹಳದಿಯವು, ನೀಲಿ ಗೆರೆಯ ಕರಿಯವು ಎಲ್ಲ ತಮ್ಮ ತಮ್ಮ ಬಣ್ಣದಲ್ಲಿ ನೆಮ್ಮದಿಯಾಗಿ ಹಾರಾಡುತ್ತಿದ್ದವು. ಅವು ತಮ್ಮ ಬಣ್ಣದಲ್ಲೇ ಇರುವುದನ್ನು ನೋಡುವುದು ಎಷ್ಟು ಸಮಾಧಾನ! ಆಮೇಲೆ ಅದು ಕಂಡಿತು. ಹೂವಿನ ಮೇಲೆ ಕೂತು ರೆಕ್ಕೆ ಮಡಚಿತು. ಹಿಂದಿನ ರೆಕ್ಕೆಯ ಬಿಳುಪಿನ ಮೇಲೆ ಎರಡು ಗಿಡ್ಡ ಗೀರು, ಇನ್ನೂ ಮಸುಕು. ರೇಣವ್ವ ಹೇಳಿದ್ದು ಸರಿ. ಅಂಥ ಬಟ್ಟೆ ನನ್ನ ಅಂಗಡಿಯಲ್ಲಿಲ್ಲ, ಯಾರ ಅಂಗಡಿಯಲ್ಲೂ ಇರುವುದಿಲ್ಲ. ಅದು ಚರ್ಮದ ಕೆಳಗೆ ಕೂತ ಬಣ್ಣ. ದಿನಾ ಊಟದ ತಟ್ಟೆಗೆ ರೊಟ್ಟಿ ಹಾಕುವ ಕೈಯಲ್ಲಿ ನಾನು ಅದನ್ನು ನೋಡುತ್ತೇನೆ.

ಅಲ್ಲೇ ಕಲ್ಲಿನ ಮೇಲೆ ಕೂತೆ. ಊರಲ್ಲಿ ಎಲ್ಲ ಹೆಂಗಸರಿಗೂ ಹಚ್ಚೆ ಇದೆ, ನಮ್ಮದೇ ಏಕಾಗಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುತ್ತಿದ್ದಂತೆ ಬೇರೆಯವರ ಅಪ್ಪನ ಹೆಸರು, ಬೇರೆಯವರ ಅಣ್ಣನ ಹೆಸರು ಹೋಗಲಿ ಎಂದು ಬೇಡಿಕೊಂಡಂತಾಯಿತು. ನಾಚಿಕೆಯಾಯಿತು. ಆದರೂ ಬೇಡಿಕೊಂಡೆ.

ಅಂಗಡಿಗೆ ಮರಳಿ ಬಂದು ಮ್ಯಾಚ್ ಸಿಗಲಿಲ್ಲ ಎಂದೆ. ಸಿಕ್ಕಿದೆ ಎಂದು ಹೇಳುವುದು ಹೇಗೆ? ಹಚ್ಚೆಯೂ ಹೋಗುತ್ತದೆ ಎಂದು ಗೊತ್ತಾದರೆ ಈ ಊರು ಸತ್ತವರನ್ನು ಎಲ್ಲಿ ಇಟ್ಟುಕೊಳ್ಳಬೇಕು? ಗಳ ಬರಿದಾಗಿ ನಿಂತಿತು. ಅದು ಇನ್ನೊಂದು ಫಜೀತಿಯಾಯಿತು. ಬಣ್ಣ ಯಾವುದೆಂದು ಗೊತ್ತಿದ್ದರೆ ಜನ ಆ ಬಣ್ಣದ್ದಕ್ಕಷ್ಟೇ ಹೆದರುತ್ತಾರೆ. ಗೊತ್ತಿಲ್ಲದಿದ್ದರೆ ಎಲ್ಲದಕ್ಕೂ ಹೆದರುತ್ತಾರೆ. ಮರುದಿನ ಊರು ಎಮ್ಮೆಗಳನ್ನು ತೊಳೆದು ನೋಡಿತು, ಒಬ್ಬರ ನಾಲಿಗೆಯನ್ನು ಒಬ್ಬರು ನೋಡಿಕೊಂಡರು, ಹಳೇ ಪೆಟ್ಟಿಗೆಗಳನ್ನೆಲ್ಲ ಬೀದಿಗೆ ತಂದು ಬಿಚ್ಚಿದರು. ಒಂದು ಮನೆಯಲ್ಲಿ ಗಂಡ ಹೆಂಡತಿ, ಬಾಗಿಲು ಮೊದಲಿನಿಂದಲೂ ಇದೇ ಬಣ್ಣವೋ ಅಲ್ಲವೋ ಎಂದು ಜಗಳವಾಡಿ ಮಾತು ಬಿಟ್ಟರು.

"ನಿನ್ನ ಕಪಾಟಿನ್ಯಾಗ ಇಲ್ಲದ ಬಣ್ಣ ಎಲ್ಲೂ ಇಲ್ಲ" ಎಂದ ಇಮಾಮಸಾಬ, ನನ್ನ ಟವೆಲನ್ನೇ ನೋಡುತ್ತಾ. "ಏನೋ ಮುಚ್ಚಿಡಾಕತ್ತೀ ಮಲ್ಲಣ್ಣ. ಹಿಂಡಿದ್ರ ಒಂದು ಕೊಡ ಬೆವರು ಬರತೈತಿ ಇದರಾಗ."

"ಸೆಕಿ" ಎಂದೆ.

"ಹೌದು, ನಿನಗೊಬ್ಬಗ ಸೆಕಿ" ಎಂದು ಅವನು ತನ್ನ ಹೊಲಿಗೆಗೆ ಹೋದ.

ರೇಣವ್ವ ಬಂದ ದಿನವೇ, ಊಟದ ಹೊತ್ತಿಗೆ ಮನೆಗೆ ಹೋದರೆ ದಾನವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳು ರೊಟ್ಟಿ ಬಡಿಯುವಾಗ ಕೈಯ ಕೋಳಿಯೂ ಮೇಲೆ ಕೆಳಗೆ ಕುಣಿಯುತ್ತದೆ. ಮುಕ್ತಾ ಹೋದ ಮೇಲೆ ನಮ್ಮ ಮನೆಯಲ್ಲಿ ಅವಳ ಮಾತು ಬರುವುದಿಲ್ಲ. ದಾನವ್ವ ಎತ್ತಿದರೂ ನಾನು ಏನಾದರೂ ನೆವ ಹೇಳಿ ಎದ್ದುಬಿಡುತ್ತೇನೆ, ನನ್ನಿಂದ ಆಗುವುದಿಲ್ಲ. ಆದರೆ ಕುಣಿಯುವ ಆ ಕೋಳಿಯನ್ನು ನೋಡುತ್ತಾ ಊಟ ಮಾಡುವುದು ನನಗೆ ರೂಢಿ. ಆವತ್ತು ಕೋಳಿ ಕಾಣಲಿಲ್ಲ. ಮುಂಗೈಗೆ ದಪ್ಪಗೆ ಅರಿಶಿನ ಮೆತ್ತಿಕೊಂಡಿದ್ದಳು.

"ಏನಾತು ಕೈಗೆ?" ಎಂದೆ.

"ರೊಟ್ಟಿ ಹಂಚು ತಾಗಿತು."

"ನೋಡೂಣು?"

"ನೋಡಿ ಏನ್ ಮಾಡ್ತೀರಿ? ಸುಟ್ಟಗಾಯ ಕಂಡ್ರ ಬೀಳವರು ನೀವು. ಉಣ್ರಿ ಸುಮ್ಮನ."

ನಾನು ಸುಮ್ಮನೆ ಉಂಡೆ. ಮರುದಿನವೂ ಅರಿಶಿನ. ಅದರ ಮರುದಿನವೂ. ಅದರ ಕೆಳಗೆ ಕೋಳಿ ಪೂರ್ತಿ ಇದೆ ಎಂದು ನಂಬಿ ತುತ್ತು ನುಂಗುತ್ತಿದ್ದೆ. ದಿನಾ ಬೆಳಿಗ್ಗೆ ದಿಬ್ಬಕ್ಕೆ ಹೋಗಿ ಚಿಟ್ಟೆಯನ್ನು ನೋಡಿ ಬರುತ್ತಿದ್ದೆ. ಅದರ ಗೀರು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿತ್ತು. ಕೆಳಗಿನ ತುದಿಯಲ್ಲಿ ಸಣ್ಣ ಸಣ್ಣ ಕವಲು ಮೂಡಿತು, ಹಕ್ಕಿಯ ಬೆರಳಿನಂತೆ. ಅದನ್ನು ಕಂಡ ಮೇಲೂ ಯಾರ ಕೈಯದು ಎಂದು ಯೋಚಿಸುವ ನಾಟಕ ನಾನು ಆಡಬಾರದಿತ್ತು. ಆಡಿದೆ.

ಕೊನೆಗೆ ಒಂದು ಮಧ್ಯಾಹ್ನ ದಾನವ್ವನೇ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಆ ಗಳಕ್ಕ ಯಾಕ ಇನ್ನೂ ಏನೂ ಕಟ್ಟಿಲ್ಲ?"

"ಮ್ಯಾಚ್ ಸಿಕ್ಕಿಲ್ಲ."

"ಸಿಕ್ಕೈತಿ" ಎಂದಳು. ಸೆರಗಿನಿಂದ ಮುಂಗೈಯ ಅರಿಶಿನವನ್ನು ಒರೆಸಿದಳು. ಕೋಳಿಯ ಕೊಕ್ಕು ಇತ್ತು, ಗುಂಡು ಹೊಟ್ಟೆ ಇತ್ತು, ಉದ್ದದ ಎರಡು ಕಾಲು ಇದ್ದವು. ನಡುವಿನ ಎರಡು ಗಿಡ್ಡ ಕಾಲುಗಳಿದ್ದಲ್ಲಿ ಬರೀ ಚರ್ಮ. "ರೇಣವ್ವ ಅಂಗಡಿಗೆ ಬಂದ ದಿನಾನ ನನಗ ಗೊತ್ತಾಗಿತ್ತು. ನಿಮಗ ಹೇಳಿದ್ರ ಎಲ್ಲಿ ಬೀಳ್ತೀರೋ ಅಂತ ಮುಚ್ಚಿದ್ದೆ. ನೀವು ನನಗ ಮುಚ್ಚಾಕತ್ತೀರಿ. ಹಿಂಗ ಇಬ್ರೂ ಮುಚ್ಚಿಕೋತ ಕುಂತ್ರ ಅದು ಸತ್ತು ಹೋಗತೈತಿ."

ಆ ಕೋಳಿಯನ್ನು ನೋಡಿದೆ. ಅಚ್ಚುಕಟ್ಟಾದ ಕೋಳಿ, ಎರಡೇ ಕಾಲು. ಯಾರು ಬೇಕಾದರೂ ಬರೆಯಬಹುದಾದ ಕೋಳಿ. ಅದರಲ್ಲಿ ಮುಕ್ತಾ ಇರಲಿಲ್ಲ.

"ತಾಯವ್ವನ್ನ ಕರೆಸೂಣು. ಮತ್ತ ಹಾಕ್ಲಿ ಎರಡು ಕಾಲು" ಎಂದೆ.

ದಾನವ್ವನ ಮುಖ ಕೆಂಪೇರಿತು. "ತಾಯವ್ವ ಹಾಕಿದ್ರ ಅದು ತಾಯವ್ವನ ಕಾಲು. ನನಗ ನನ್ನ ಮಗಳು ಬರದದ್ದು ಬೇಕು. ಏಳ್ರಿ, ಹಳ್ಳಕ್ಕ ಹೋಗೂಣು."

ದಂಡೆಯಲ್ಲಿ ನಮ್ಮನ್ನು ಕಂಡವರಿಗೆಲ್ಲ ವಿಷಯ ತಿಳಿದುಹೋಯಿತು. ಹೆಂಗಸರು ಮೆಲ್ಲಗೆ ತಮ್ಮ ತಮ್ಮ ಮುಂಗೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಕಣ್ಣೊರೆಸಿಕೊಂಡ ರೇಣವ್ವ ಕೆಸರಿನ ಹತ್ತಿರದ ಒಳ್ಳೆಯ ಜಾಗವನ್ನು ದಾನವ್ವನಿಗೆ ಬಿಡಿಸಿಕೊಟ್ಟಳು. ದಾನವ್ವ ಮುಂಗೈಗೆ ಉಪ್ಪುನೀರು ಸವರಿ, ಕೊಳೆತ ಬಾಳೆಹಣ್ಣು ತಿಕ್ಕಿ, ಕೈಯನ್ನು ಮುಂದೆ ಚಾಚಿ ಕೂತಳು. ನನಗೆ ಮಾತ್ರ ದೂರದ ಹುಣಸೆ ಮರ ತೋರಿಸಿದಳು. "ನೀವು ಅಲ್ಲಿ ಕೂಡ್ರಿ. ನಿಮ್ಮ ಬೆವರು ನಾಕು ಹರದಾರಿಗೆ ನಾರತೈತಿ. ಪಾತರಗಿತ್ತಿಗೆ ಬೆವರಂದ್ರ ಜೀವ." ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮರದ ಕೆಳಗೆ ಕೂತ ನನ್ನ ಕತ್ತಿನ ಮೇಲೆ ಸಾಮಾನ್ಯ ಬಣ್ಣದ ನಾಲ್ಕಾರು ಚಿಟ್ಟೆಗಳು ಆಗಲೇ ಇಳಿದಿದ್ದವು.

ಆವತ್ತು ಅದು ಬರಲಿಲ್ಲ. ಮರುದಿನ ಬಂತು, ಸೀರೆಯೊಂದರ ಮೇಲೆ ಸುತ್ತಿ ಹೋಯಿತು. ಸೀರೆಯವಳು ಗಾಬರಿಯಿಂದ ಸೀರೆಯನ್ನೇ ಮಡಚಿ ಎತ್ತಿಕೊಂಡಳು, ನಮ್ಮ ಬಣ್ಣ ತನ್ನ ಸೀರೆಗೆ ಇಳಿಯಬಾರದೆಂದು. ಪುಣ್ಯಾತಗಿತ್ತಿ. ಮೂರನೆಯ ಬೆಳಿಗ್ಗೆ ಅದರ ಒಂದು ರೆಕ್ಕೆಯ ಅಂಚು ಹರಿದಿತ್ತು, ಹಾರಾಟ ವಾಲುತ್ತಿತ್ತು. ಹುಣಸೆ ಮರದ ತುದಿಯಲ್ಲಿ ಒಂದು ಕಾಜಾಣ ಬಂದು ಕೂತು ಕವಲುಬಾಲ ಕುಣಿಸಿತು. ನಾನು ಎದ್ದು ಅದಕ್ಕೆ ಕಲ್ಲು ಹೊಡೆದೆ. ಹೋಗಿ ಮತ್ತೆ ಬಂತು. ಮತ್ತೆ ಹೊಡೆದೆ. ಆ ಹಕ್ಕಿ ನನ್ನ ಮಗಳ ಮುಖವನ್ನು ಒಯ್ದ ಹಕ್ಕಿಯಲ್ಲ ಎಂದು ಗೊತ್ತಿತ್ತು. ಆದರೂ ಅದರ ಮೇಲೆ ಬಂದಷ್ಟು ಸಿಟ್ಟು ನನಗೆ ಬದುಕಿನಲ್ಲಿ ಯಾರ ಮೇಲೂ ಬಂದಿಲ್ಲ.

ಬಿಸಿಲು ನೆತ್ತಿಗೆ ಬರುತ್ತಿತ್ತು. ದಾನವ್ವನ ಕೈ ಸೋತು ನಡುಗತೊಡಗಿದ್ದು ದೂರದಿಂದಲೇ ಕಂಡಿತು. ನಡುಗುವ ಕೈಯ ಮೇಲೆ ಚಿಟ್ಟೆ ಕೂರುವುದಿಲ್ಲ. ಅವಳು ಎಡಗೈಯಿಂದ ಬಲಗೈ ಹಿಡಿದಳು, ಆಮೇಲೆ ಎರಡೂ ನಡುಗಿದವು. ನನಗೆ ತಡೆಯಲಾಗಲಿಲ್ಲ. ಟವೆಲಿನಿಂದ ಮೈಯೆಲ್ಲ ಒರೆಸಿಕೊಂಡು, ಹಳ್ಳದ ನೀರಿನಲ್ಲಿ ಕೈ ತೊಳೆದುಕೊಂಡು, ಮೆಲ್ಲಗೆ ಹೋಗಿ ಅವಳ ಎದುರು ಕೂತು ಅವಳ ಮುಂಗೈಯ ಕೆಳಗೆ ನನ್ನ ಕೈ ಕೊಟ್ಟೆ.

"ಹೋಗ್ರಿ ಅತ್ಲಾಗ" ಎಂದಳು, ತುಟಿ ಅಲುಗಿಸದೆ.

"ಕೈ ನಡಗಾಕತ್ತೈತಿ ನಿಂದು."

"ನಿಮ್ಮದು ಬೆವರಾಕತ್ತೈತಿ."

ಅಷ್ಟರಲ್ಲಿ ಅದು ಬಂತು. ನೆಲಮಟ್ಟದಲ್ಲಿ ವಾಲುತ್ತಾ ಬಂದು ದಾನವ್ವನ ಮುಂಗೈಯ ಮೇಲೆ ತೇಲಿತು. ಕೋಳಿಯ ಹೊಟ್ಟೆಯ ಮೇಲೆ ಒಂದು ಕ್ಷಣ ಅದರ ನೆರಳು ಬಿತ್ತು. ನಾನು ಉಸಿರು ಬಿಡಲಿಲ್ಲ. ದಂಡೆಯಲ್ಲಿ ಯಾರೂ ಉಸಿರು ಬಿಡಲಿಲ್ಲ. ಕೂರು ತಾಯಿ, ಕೂರು ಎಂದು ಮನಸ್ಸಿನಲ್ಲೇ ಕೈಮುಗಿದೆ. ಹೆದರಿಕೆಗೆ ನನ್ನ ಮಣಿಕಟ್ಟಿನಲ್ಲಿ ಬೆವರು ಬುಗ್ಗೆಯಂತೆ ಎದ್ದಿತು. ಅದು ಗೊತ್ತಾಗುತ್ತಿತ್ತು, ತಡೆಯುವುದು ಹೇಗೆಂದು ಗೊತ್ತಿರಲಿಲ್ಲ. ಚಿಟ್ಟೆ ಅವಳ ಕೈಯ ಅಂಚಿನವರೆಗೆ ಹೋಗಿ, ಕೆಳಗಿಳಿದು, ನನ್ನ ಮಣಿಕಟ್ಟಿನ ಮೇಲೆ ಕೂತುಬಿಟ್ಟಿತು.

ಕೈ ಎಳೆದುಕೊಳ್ಳಬೇಕೆನ್ನಿಸಿತು. ಎಳೆದರೆ ಅದು ಹಾರುತ್ತದೆ, ಹರಿದ ರೆಕ್ಕೆಯಲ್ಲಿ ಎಷ್ಟು ದೂರ ಹಾರೀತು? ಮೇಲೆ ಕಾಜಾಣ ಕಾದಿದೆ. ಎಳೆಯದಿದ್ದರೆ ಮಗಳ ಗೆರೆ ತಾಯಿಯ ಕೈ ಬಿಟ್ಟು ನನ್ನಂಥವನ ಕೈಗೆ ಬರುತ್ತದೆ. ನಾನು ದಾನವ್ವನ ಮುಖ ನೋಡಿದೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಅಲಗಾಡಬ್ಯಾಡ್ರಿ" ಎಂದಳು. "ಎಲ್ಲೂ ಇಲ್ಲದಂಗ ಆಗೂದು ಬ್ಯಾಡ. ಅಲಗಾಡಬ್ಯಾಡ್ರಿ."

ಚಿಟ್ಟೆ ಸುರುಳಿ ನಾಲಿಗೆ ಬಿಚ್ಚಿ ನನ್ನ ಬೆವರಿಗೆ ಊರಿತು. ಚರ್ಮದ ಒಳಗೆ ಸಣ್ಣಗೆ ಚುಚ್ಚಿದಂತಾಯಿತು. ಸೂಜಿಯೇ, ಸಂಶಯವಿಲ್ಲ. ಕಿವಿಯಲ್ಲಿ ಗುಂಯ್ ಎಂದಿತು, ಕಣ್ಣು ಕತ್ತಲೆ ಬಂತು. ಬಿದ್ದರೆ ಕೈ ಅಲುಗುತ್ತದೆ ಎಂದು ಹಲ್ಲು ಕಚ್ಚಿ, ದಾನವ್ವನ ಮೂಗುಬೊಟ್ಟನ್ನೇ ನೋಡುತ್ತಾ ಕೂತೆ. ರೆಕ್ಕೆಯ ಮೇಲಿನ ಗೀರು ಮೊದಲು ಮಸುಕಾಯಿತು, ಆಮೇಲೆ ಒಂದು, ಆಮೇಲೆ ಇನ್ನೊಂದು ಇಲ್ಲವಾಯಿತು. ಎಲ್ಲ ಬಿಳಿ ಚಿಟ್ಟೆಗಳಂತೆ ಬಿಳಿಯಾಗಿ ಅದು ಎದ್ದು ಹೋಯಿತು. ನನ್ನ ಮಣಿಕಟ್ಟಿನ ಒಳಬದಿಯಲ್ಲಿ ಎರಡು ಗಿಡ್ಡ ಕಾಲು, ಪುಟ್ಟ ಪುಟ್ಟ ಬೆರಳು. ನಾನು ಬೀಳಲಿಲ್ಲ.

ದಾನವ್ವ ಎದ್ದು ಮನೆಯ ದಾರಿ ಹಿಡಿದಳು. ನಾನು ಅವಳ ಹಿಂದೆ ಕೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ನಡೆದೆ. ಇಮಾಮಸಾಬ ಅಂಗಡಿಯಿಂದ ಇಳಿದು ಬಂದವನು ನಮ್ಮ ಮುಖ ನೋಡಿ ದಾರಿ ಬಿಟ್ಟು ನಿಂತ. ಬರಿಯ ಗಳದ ಕೆಳಗೆ ಜನ ನೆರೆದಿದ್ದರು. ಅವರಿಂದ ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಟವೆಲ್ ಬಿಚ್ಚಿ ಗಳಕ್ಕೆ ಕೈ ಆನಿಸಿ, "ಈ ಬಣ್ಣ" ಎಂದೆ. ಒಬ್ಬೊಬ್ಬರೇ ನೋಡಿದರು. ತಾಯವ್ವನೂ ಬಂದು ನೋಡಿ, ತನ್ನದೇ ಕೈಯ ಕೆಲಸ ಗುರುತಿಸಿ, ಸದ್ದಿಲ್ಲದೆ ಹೊರಟುಹೋದಳು. ಇನ್ನು ಮೇಲೆ ಈ ಊರು ಹೇಗೋ ಏನೋ. ಹೇಗೋ ಹೊಂದಿಕೊಳ್ಳುತ್ತಾರೆ, ಎಲ್ಲಕ್ಕೂ ಹೊಂದಿಕೊಂಡವರು. ನನಗೆ ಆ ಹೊತ್ತಿಗೆ ಊರಿನ ಚಿಂತೆ ಇರಲಿಲ್ಲ. ದಾನವ್ವ ನಿಲ್ಲದೆ ಮನೆಗೆ ಹೋದವಳು ಒಮ್ಮೆಯೂ ನನ್ನತ್ತ ತಿರುಗಿ ನೋಡಿರಲಿಲ್ಲ.

ಮನೆಗೆ ಹೋಗಿ ಹೊಸ್ತಿಲ ಮೇಲೆ ಕೂತೆ. ಒಳಗೆ ಹಿಟ್ಟು ಕಲಸುವ ಸದ್ದು, ಆಮೇಲೆ ರೊಟ್ಟಿ ಬಡಿಯುವ ಸದ್ದು. ಮಗಳದ್ದು ಎಂದು ಅವಳಿಗೆ ಉಳಿದಿದ್ದ ಒಂದೇ ಒಂದನ್ನು ನನ್ನ ಹಾಳು ಬೆವರು ಕಿತ್ತುಕೊಂಡಿತು. ದೂರ ಕೂರಿ ಎಂದಿದ್ದಳಲ್ಲ, ಕೂರಬೇಕಿತ್ತು. ಅವಳು ಬೈದಿದ್ದರೆ ಆಗುತ್ತಿತ್ತು. ಬೈಯಲಿ ಎಂದು ಕಾದೆ. ರೊಟ್ಟಿ ಬಡಿಯುವ ಸದ್ದು ನಿಂತಿತು.

"ಒಳಗ ಬರ್ರಿ. ಕೈ ಕೊಡ್ರಿ ಇಲ್ಲೆ."

ಹೋಗಿ ಎದುರು ಕೂತೆ. ಅವಳು ನನ್ನ ಮಣಿಕಟ್ಟನ್ನು ಹಿಟ್ಟಿನ ಬೆರಳಿನಿಂದ ಹಿಡಿದು ತನ್ನ ಮುಂಗೈಯ ಪಕ್ಕದಲ್ಲಿಟ್ಟಳು. ಕಾಲುಗಳು ತಲೆಕೆಳಗಾದವು. ತಿರುಗಿಸಿದಳು, ಓರೆಯಾದವು. ಕೊನೆಗೆ ದಂಡೆಯಲ್ಲಿ ಇಟ್ಟಿದ್ದಂತೆಯೇ ನನ್ನ ಕೈಯನ್ನು ಎದುರಿನಿಂದ ತನ್ನ ಕೈಯ ಕೆಳಗೆ ಎಳೆದುಕೊಂಡಳು. ಕೋಳಿಯ ಗುಂಡು ಹೊಟ್ಟೆಯ ಕೆಳಗೆ, ಉದ್ದದ ಎರಡು ಕಾಲುಗಳ ನಡುವೆ, ನನ್ನ ಎರಡು ಗಿಡ್ಡ ಕಾಲು ಬಂದು ನಿಂತವು.

"ಕೋಳಿಗೆ ನಾಕು ಕಾಲು ಯಾಕಂತ ನೀವು ಒಂದಿನ ಆದ್ರೂ ಕೇಳೀರೇನು?" ಎಂದಳು ದಾನವ್ವ.

ನಾನು ಇಲ್ಲ ಎಂದು ತಲೆಯಾಡಿಸಿದೆ.

"ನಾ ಕೇಳಿದ್ದೆ. ಬರದ ದಿನಾನ ಕೇಳಿದ್ದೆ. ಯಾಕ ಮುಕ್ತಾ, ಕೋಳಿಗೆ ಎರ್ಡ ಅಲ್ಲೇನು ಕಾಲು ಅಂತ." ಅವಳ ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. "ಯವ್ವಾ, ದೊಡ್ಡ ಕಾಲು ಅಷ್ಟ ಕೋಳೀವು ಅಂದ್ಲು. ಸಣ್ಣೂ ಮರೀವು. ಮಳಿ ಬಂದೈತಲ್ಲ, ಮರಿ ಒಳಗ ಹೊಕ್ಕು ಕುಂತೈತಿ. ಬರೀ ಕಾಲು ಕಾಣಾಕತ್ತಾವ ಅಂದ್ಲು."

ಇಷ್ಟು ವರ್ಷ ಆ ಕೋಳಿಯನ್ನು ನೋಡುತ್ತಾ ಉಂಡಿದ್ದೆ. ಅದರ ರೆಕ್ಕೆಯ ಕೆಳಗೆ ಒಂದು ಮರಿ ಇರುವುದು ನನಗೆ ಗೊತ್ತೇ ಇರಲಿಲ್ಲ. ನಾನು ಅತ್ತೆ. ಮುಕ್ತಾ ತೀರಿಕೊಂಡ ದಿನವೂ ಹಾಗೆ ಅತ್ತಿರಲಿಲ್ಲ.

"ಕೈ ನಡಗಿಸಬ್ಯಾಡ್ರಿ" ಎಂದಳು ದಾನವ್ವ. "ಮರಿ ಹೊರಗ ಬರತೈತಿ."

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಇಬ್ಬರಿಗೂ ವಾಸನೆ ಬಂತು, ಇಬ್ಬರೂ ಕೈ ತೆಗೆಯಲಿಲ್ಲ.